ಮೀಡಿಯಾನ ನಂಬಬಹುದಾ? ಮದುವೆಮನೆಯಿಂದ ಹಿಡಿದು ಬಸ್‌ಸ್ಟ್ಯಾಂಡ್‌ವರೆಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಹನ್ನೊಂದು ವರ್ಷ ಒಂದು ಕನ್ನಡ ದಿನಪತ್ರಿಕೆಯಲ್ಲಿ, ಬಂದ ವರದಿ ತಿದ್ದಿ ಪುಟ ಕಟ್ಟುವ ಡೆಸ್ಕಿನಲ್ಲಿ ಕೂತವನು. ಬಿಟ್ಟು ಸುಮಾರು ದಿನ ಆಯ್ತು. ಆದರೂ ಮದುವೆ ಊಟದ ಪಂಕ್ತಿಯಲ್ಲಿ ಪಕ್ಕದವರು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಲೇ "ಏನ್ರೀ ನಿಮ್ಮ ಮೀಡಿಯಾದವರು" ಅಂತ ಶುರು ಮಾಡುತ್ತಾರೆ. ಪ್ರತಿ ಸಲ ಬಾಯಲ್ಲಿ ಹೇಳಿ ಸಾಕಾಗಿದೆ, ಅದಕ್ಕೆ ಬರೆದಿಡುತ್ತಿದ್ದೇನೆ.

ಜನಕ್ಕೆ ಮೀಡಿಯಾ ಮೇಲೆ ನಂಬಿಕೆ ಇದೆಯಾ, ಇಲ್ವಾ?

ಅಂಕಿ ಬೇಕಾದರೆ ಒಂದು ಇದೆ. ರಾಯಿಟರ್ಸ್ ಇನ್‌ಸ್ಟಿಟ್ಯೂಟ್‌ನ ಡಿಜಿಟಲ್ ನ್ಯೂಸ್ ರಿಪೋರ್ಟ್ 2025ರ ಪ್ರಕಾರ, ಭಾರತದಲ್ಲಿ ಸುದ್ದಿಯನ್ನು ಸಾಮಾನ್ಯವಾಗಿ ನಂಬುತ್ತೇವೆ ಅಂದವರು ಶೇ 43. ಫಿನ್‌ಲೆಂಡ್‌ನಲ್ಲಿ ಶೇ 67, ಗ್ರೀಸ್‌ನಲ್ಲಿ ಶೇ 22. ಹಾಗಾದರೆ ನಾವು ನಡುವೆ ಎಲ್ಲೋ ಇದ್ದೇವೆ, ಪರವಾಗಿಲ್ಲ ಅನಿಸುತ್ತದೆ ಅಲ್ವಾ? ಆದರೆ ಆ ಸಮೀಕ್ಷೆಯಲ್ಲಿ ನಮ್ಮ ದೇಶದಿಂದ ಉತ್ತರ ಕೊಟ್ಟವರು ಇಂಟರ್ನೆಟ್ ಬಳಸುವ, ಹೆಚ್ಚಾಗಿ ಇಂಗ್ಲಿಷ್ ಬಲ್ಲ ಜನ. ತೀರ್ಥಹಳ್ಳಿಯ ತೋಟದ ಮನೆಯಲ್ಲಿ ಬೆಳಗಿನ ಬಸ್ಸಿಗೆ ಬರುವ ಪೇಪರ್ ಕಾಯುವವರನ್ನು ಯಾರೂ ಕೇಳಿಲ್ಲ.

ಅಂಥವರಲ್ಲಿ ನನ್ನ ಸೋದರಮಾವ ಒಬ್ಬರು. "ಎಲ್ಲಾ ಬರೀ ಸುಳ್ಳು ಕಣೋ, ದುಡ್ಡು ಕೊಟ್ಟೋರ ಪರ ಬರೀತಾರೆ" ಅಂತ ಬೈಯುತ್ತಲೇ ಪೇಪರನ್ನು ಹಿಂದಿನಿಂದ ತೆಗೆಯುತ್ತಾರೆ. ಮೊದಲು ಅಡಿಕೆ ಧಾರಣೆ. ರಾಶಿ ಎಷ್ಟು, ಬೆಟ್ಟೆ ಎಷ್ಟು, ಸರಕು, ಗೊರಬಲು, ಹೀಗೆ ಅಡಿಕೆಯ ಒಂದೊಂದು ಬಗೆಯದ್ದೂ. ಅದನ್ನು ನೋಡಿಯೇ ಮಂಡಿಗೆ ಫೋನ್ ಮಾಡುತ್ತಾರೆ. ಆಮೇಲೆ ಶ್ರದ್ಧಾಂಜಲಿ, ಆಮೇಲೆ ಕರೆಂಟ್ ತೆಗೆಯುವ ಪ್ರಕಟಣೆ. ಇಷ್ಟರಲ್ಲಿ ಒಂದನ್ನೂ ಅವರು ಅನುಮಾನದಿಂದ ಓದುವುದಿಲ್ಲ. ಮುಖಪುಟಕ್ಕೆ ಬಂದಾಗ ಮಾತ್ರ ಹುಬ್ಬು ಮೇಲೆ ಹೋಗುತ್ತದೆ.

ನನಗೆ ಕಂಡ ಹಾಗೆ ನಂಬಿಕೆ ಪುಟ ಪುಟಕ್ಕೂ ಬೇರೆ. ಧಾರಣೆ ತಪ್ಪಾಗಿ ಹಾಕಿದರೆ ಬೆಳಿಗ್ಗೆ ಎಂಟಕ್ಕೇ ಆಫೀಸಿಗೆ ಫೋನ್ ಬರುತ್ತದೆ. ಒಮ್ಮೆ ಶ್ರದ್ಧಾಂಜಲಿಯಲ್ಲಿ ನಾನೇ ಫೋಟೊ ಅದಲು ಬದಲು ಮಾಡಿದ್ದೆ. ಬದುಕಿದ್ದವರೇ ಫೋನ್ ಮಾಡಿದರು. ರಾಜಕೀಯ ಸುದ್ದಿ ಅರ್ಧಂಬರ್ಧ ಇದ್ದರೆ ಯಾರೂ ಫೋನ್ ಮಾಡುವುದಿಲ್ಲ, ಸುಮ್ನೆ ಒಳಗೊಳಗೇ ನಂಬುವುದು ಬಿಡುತ್ತಾರೆ.

ಮೊದಲು ಪತ್ರಿಕೆಗಳು ಚೆನ್ನಾಗಿದ್ದವು, ಈಗ ಕೆಟ್ಟವು. ಹೌದಲ್ವಾ?

ಈ ಮಾತನ್ನು ನಮ್ಮಪ್ಪನೂ ಹೇಳುತ್ತಿದ್ದರು, ಅವರಪ್ಪನೂ ಹೇಳಿರುತ್ತಾರೆ. 1843ರ ಜುಲೈ 1ಕ್ಕೆ ಮಂಗಳೂರಿನಲ್ಲಿ ಹರ್ಮನ್ ಮೋಗ್ಲಿಂಗ್ 'ಮಂಗಳೂರ ಸಮಾಚಾರ' ಶುರು ಮಾಡಿದರು. ನಾವು ಪತ್ರಿಕಾ ದಿನ ಆಚರಿಸುವುದು ಅದೇ ದಿನ. ಅದು ಬಾಸೆಲ್ ಮಿಷನ್‌ನವರು ತಂದ ಪತ್ರಿಕೆ, ಅದಕ್ಕೂ ಅದರದೇ ಉದ್ದೇಶ ಇತ್ತು. ಯಾವ ಉದ್ದೇಶವೂ ಇಲ್ಲದ ಪತ್ರಿಕೆ ಯಾವತ್ತೂ ಇರಲಿಲ್ಲ.

ತುರ್ತು ಪರಿಸ್ಥಿತಿ ನೆನಪಿರುವ ಹಿರಿಯರನ್ನು ಕೇಳಿ. 1975ರ ಜೂನ್ 25ರ ರಾತ್ರಿ ದೆಹಲಿಯ ಪತ್ರಿಕಾ ಕಚೇರಿಗಳ ಕರೆಂಟೇ ಹೋಯಿತು. ಆಮೇಲೆ ಅಚ್ಚಿಗೆ ಹೋಗುವ ಮುಂಚೆ ಸೆನ್ಸಾರ್ ಅಧಿಕಾರಿಯ ಕಣ್ಣು. ನಮ್ಮ ಊರಿನ ಮೇಷ್ಟ್ರೊಬ್ಬರು ರಾತ್ರಿ ಕದ ಹಾಕಿಕೊಂಡು, ರೇಡಿಯೊದ ದನಿ ತಗ್ಗಿಸಿ ಬಿಬಿಸಿ ಕೇಳುತ್ತಿದ್ದರಂತೆ. ತಮ್ಮ ದೇಶದ ಸುದ್ದಿಯನ್ನು ಲಂಡನ್ನಿನಿಂದ ಕೇಳಬೇಕಾದ ಕಾಲ ಅದು. ಅದನ್ನು 'ಒಳ್ಳೆಯ ಹಳೆಯ ದಿನ' ಅನ್ನಲು ನನಗೆ ಬಾಯಿ ಬರುವುದಿಲ್ಲ.

ಇದು ನಮ್ಮೊಬ್ಬರ ಕಾಯಿಲೆಯೂ ಅಲ್ಲ. ಅಮೆರಿಕದಲ್ಲಿ ಗ್ಯಾಲಪ್ ಸಮೀಕ್ಷೆಯಲ್ಲಿ 1976ರಲ್ಲಿ ಶೇ 72 ಜನ ಮಾಧ್ಯಮದ ಮೇಲೆ ಭರವಸೆ ಇದೆ ಅಂದಿದ್ದರು. 2025ರಲ್ಲಿ ಅದು ಶೇ 28.

ಪೇಪರಿಗಿಂತ ಟಿವಿ ಮೇಲೆ ಯಾಕೆ ಸಿಟ್ಟು ಜಾಸ್ತಿ?

ಟಿವಿ ಮನೆಯೊಳಗೆ ಬಂದು ಕೂಗುತ್ತದಲ್ಲ, ಅದಕ್ಕೆ.

2016ರ ನವೆಂಬರ್ ನೆನಪು ಮಾಡಿಕೊಳ್ಳಿ. ಹೊಸ 2,000 ರೂಪಾಯಿ ನೋಟಿನಲ್ಲಿ ಚಿಪ್ ಇದೆ, ನೆಲದಡಿ ಹೂತಿಟ್ಟರೂ ಉಪಗ್ರಹ ಪತ್ತೆ ಹಚ್ಚುತ್ತದೆ ಅಂತ ಗ್ರಾಫಿಕ್ಸ್ ಹಾಕಿ ತೋರಿಸಿದ್ದರು. ರಿಸರ್ವ್ ಬ್ಯಾಂಕ್ ಅಂಥದ್ದೇನೂ ಹೇಳಿಯೇ ಇರಲಿಲ್ಲ. ನೋಟು ಹೋಯಿತು, ತೋರಿಸಿದವರು ಮಾತ್ರ ಇವತ್ತೂ ಬೇರೆ ವಿಷಯದ ಮೇಲೆ ಅಷ್ಟೇ ಧೈರ್ಯವಾಗಿ ಮಾತಾಡುತ್ತಿದ್ದಾರೆ.

ಕಾರಣ ಹೆಚ್ಚಾಗಿ ಲೆಕ್ಕಾಚಾರದ್ದು. ಯಾವ ವಾಹಿನಿಯನ್ನು ಎಷ್ಟು ಜನ ನೋಡುತ್ತಾರೆ ಅನ್ನುವ ಲೆಕ್ಕವೇ ಟಿಆರ್‌ಪಿ. ಅದನ್ನು ಅಳೆಯುವ ಬಾರ್ಕ್ ಸಂಸ್ಥೆಯ ಮೀಟರ್ 2025ರಲ್ಲಿ ಇದ್ದದ್ದು ಸುಮಾರು 58 ಸಾವಿರ ಮನೆಗಳಲ್ಲಿ. ದೇಶದಲ್ಲಿ ಟಿವಿ ಇರುವ ಮನೆ ಸುಮಾರು 23 ಕೋಟಿ. ಆ ಇಷ್ಟೇ ಇಷ್ಟು ಮನೆಯ ರಿಮೋಟ್ ಎಲ್ಲಿ ನಿಲ್ಲುತ್ತದೋ ಅಲ್ಲಿಗೆ ಜಾಹೀರಾತು ಹೋಗುತ್ತದೆ. 2020ರ ಅಕ್ಟೋಬರ್‌ನಲ್ಲಿ, ಮೀಟರ್ ಇರುವ ಮನೆಯವರಿಗೆ ದುಡ್ಡು ಕೊಟ್ಟು ರೇಟಿಂಗ್ ಏರಿಸಿದರು ಅನ್ನುವ ಟಿಆರ್‌ಪಿ ಹಗರಣ ಎದ್ದಾಗ ಸುದ್ದಿ ವಾಹಿನಿಗಳ ರೇಟಿಂಗನ್ನೇ ನಿಲ್ಲಿಸಿದ್ದರು, ಮತ್ತೆ ಶುರುವಾಗಿದ್ದು 2022ರ ಮಾರ್ಚ್‌ನಲ್ಲಿ. ಆ ಒಂದೂವರೆ ವರ್ಷ ಕೂಗಾಟ ಕಡಿಮೆಯಾಗಿತ್ತಾ? ನನಗಂತೂ ವ್ಯತ್ಯಾಸ ಕಾಣಲಿಲ್ಲ. ಒಂದು ಸಲ ಅಭ್ಯಾಸ ಆದರೆ ಆಯ್ತು.

ಇನ್ನೊಂದು ಖರ್ಚಿನ ವಿಷಯ. ರಾಯಚೂರಿನ ಕಾಲುವೆ ಕೊನೆಯ ಹೊಲಕ್ಕೆ ನೀರು ತಲುಪಿದೆಯಾ ಅಂತ ನೋಡಲು ಗಾಡಿ, ಕ್ಯಾಮೆರಾಮನ್, ಎರಡು ದಿನ ಬೇಕು. ಸ್ಟುಡಿಯೊದಲ್ಲಿ ನಾಲ್ಕು ಜನರನ್ನು ಕೂರಿಸಿ ಜಗಳ ಹಚ್ಚಲು ಕಾಫಿ ಸಾಕು. ನಟ ದರ್ಶನ್ ಆರೋಪಿಯಾಗಿದ್ದ ಕೊಲೆ ಪ್ರಕರಣದಲ್ಲಿ ಏನಾಯ್ತು ನೋಡಿದ್ದೀರಲ್ಲ. ಜೈಲಿನಲ್ಲಿ ಏನು ತಿಂದರು ಅನ್ನುವುದೂ ಬ್ರೇಕಿಂಗ್. ಕೊನೆಗೆ ಚಾರ್ಜ್‌ಶೀಟಿನ ಗುಟ್ಟಿನ ವಿವರ ತೋರಿಸಬೇಡಿ ಅಂತ 2024ರ ಸೆಪ್ಟೆಂಬರ್‌ನಲ್ಲಿ ಹೈಕೋರ್ಟೇ ಹೇಳಬೇಕಾಯಿತು.

ಪತ್ರಿಕಾ ಸ್ವಾತಂತ್ರ್ಯದಲ್ಲಿ ನಾವು 2025ರಲ್ಲಿ 151ನೇ ಸ್ಥಾನ ಅಂತೆ. ಅಷ್ಟು ಕೆಟ್ಟದಾಗಿದೆಯಾ?

ಅದು ಪ್ಯಾರಿಸ್‌ನ ರಿಪೋರ್ಟರ್ಸ್ ವಿದೌಟ್ ಬಾರ್ಡರ್ಸ್ ಪ್ರತಿ ವರ್ಷ ಮಾಡುವ 180 ದೇಶಗಳ ಪಟ್ಟಿ. ಭಾರತ 2023ರಲ್ಲಿ 161, 2024ರಲ್ಲಿ 159, 2025ರಲ್ಲಿ 151. ರಾಜಕೀಯ, ಆರ್ಥಿಕ, ಕಾನೂನು, ಸಾಮಾಜಿಕ ಪರಿಸ್ಥಿತಿ ಮತ್ತು ಪತ್ರಕರ್ತರ ಸುರಕ್ಷತೆ, ಈ ಐದರ ಮೇಲೆ ಅಂಕ. ಪತ್ರಕರ್ತರು, ವಕೀಲರು, ಸಂಶೋಧಕರಂಥವರಿಗೆ ಪ್ರಶ್ನಾವಳಿ ಕಳಿಸುತ್ತಾರೆ, ಜೊತೆಗೆ ಹಲ್ಲೆ, ಬಂಧನಗಳ ಲೆಕ್ಕ ಹಿಡಿಯುತ್ತಾರೆ. ಇದು ಜನಾಭಿಪ್ರಾಯ ಅಲ್ಲ, ಅದನ್ನು ಗಮನದಲ್ಲಿಡಿ. ಕೇಂದ್ರ ಸರ್ಕಾರ ಈ ವಿಧಾನವೇ ಸರಿ ಇಲ್ಲ ಅನ್ನುತ್ತದೆ.

ರ‍್ಯಾಂಕ್ ಪಟ್ಟಿಗಳ ಮೇಲೆ ನನಗೂ ಅಂಥಾ ಭಕ್ತಿ ಇಲ್ಲ. ಎರಡು ವರ್ಷದಲ್ಲಿ ಹತ್ತು ಸ್ಥಾನ ಮೇಲೆ ಹೋದರೆ ನಮ್ಮ ಜಿಲ್ಲಾ ವರದಿಗಾರನ ಬದುಕು ಹತ್ತು ಮೆಟ್ಟಿಲು ಮೇಲೇರಿತು ಅಂತಲ್ಲ. ಆದರೆ 'ಪಟ್ಟಿ ಸರಿ ಇಲ್ಲ' ಅನ್ನುವವರು ಅಲ್ಲಿಗೇ ಮಾತು ನಿಲ್ಲಿಸುತ್ತಾರಲ್ಲ, ಅದು ನನಗೆ ಒಗ್ಗುವುದಿಲ್ಲ. ಪಟ್ಟಿ ಬಿಡಿ, ಘಟನೆ ನೋಡೋಣ. ಉತ್ತರ ಪ್ರದೇಶದ ಹತ್ರಾಸ್‌ಗೆ ವರದಿಗೆ ಹೊರಟಿದ್ದ ಕೇರಳದ ಪತ್ರಕರ್ತ ಸಿದ್ದಿಕ್ ಕಪ್ಪನ್ 2020ರ ಅಕ್ಟೋಬರ್‌ನಲ್ಲಿ ಜೈಲಿಗೆ ಹೋದರು, ಜಾಮೀನಿನ ಮೇಲೆ ಹೊರಗೆ ಬಂದಿದ್ದು 2023ರ ಫೆಬ್ರುವರಿಯಲ್ಲಿ. ಮಲಯಾಳದ ಮೀಡಿಯಾ ಒನ್ ವಾಹಿನಿಗೆ ಭದ್ರತೆಯ ಕಾರಣ ಹೇಳಿ ಪ್ರಸಾರದ ಪರವಾನಗಿ ನವೀಕರಿಸಲಿಲ್ಲ. ಕಾರಣ ಏನೆಂದು ವಾಹಿನಿಗೇ ತಿಳಿಸದೆ ಮುಚ್ಚಿದ ಲಕೋಟೆಯಲ್ಲಿ ಕೋರ್ಟಿಗೆ ಕೊಟ್ಟಿದ್ದರು. 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಆ ನಿರ್ಧಾರ ತಳ್ಳಿಹಾಕಿತು. ಇವು ಯಾವ ಪ್ಯಾರಿಸ್‌ನ ಲೆಕ್ಕವೂ ಅಲ್ಲ.

ಸಂವಿಧಾನದಲ್ಲಿ ಪತ್ರಿಕಾ ಸ್ವಾತಂತ್ರ್ಯ ಅಂತ ಎಲ್ಲಿದೆ?

ಎಲ್ಲೂ ಇಲ್ಲ! 19(1)(ಎ) ವಿಧಿಯಲ್ಲಿರುವುದು ಎಲ್ಲ ನಾಗರಿಕರ ವಾಕ್ ಮತ್ತು ಅಭಿವ್ಯಕ್ತಿ ಸ್ವಾತಂತ್ರ್ಯ. ಪತ್ರಿಕೆಗೆ ಬೇರೆ ವಿಶೇಷ ಹಕ್ಕು ಬೇಕಿಲ್ಲ, ಸಂಪಾದಕನೂ ಒಬ್ಬ ನಾಗರಿಕ ತಾನೇ ಅನ್ನುವುದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ಅವರ ನಿಲುವಾಗಿತ್ತು. 1950ರಲ್ಲಿ ರೊಮೇಶ್ ಥಾಪರ್ ಅವರ 'ಕ್ರಾಸ್ ರೋಡ್ಸ್' ಪತ್ರಿಕೆ ಮದ್ರಾಸ್ ರಾಜ್ಯಕ್ಕೆ ಬರಬಾರದು ಅಂತ ಸರ್ಕಾರ ತಡೆದಾಗ ಸುಪ್ರೀಂ ಕೋರ್ಟ್ ಅದು ತಪ್ಪು ಅಂದಿತು. ಮರುವರ್ಷವೇ ಮೊದಲ ತಿದ್ದುಪಡಿ ತಂದು ನಿರ್ಬಂಧದ ಪಟ್ಟಿ ಉದ್ದ ಮಾಡಿದರು. ಪುಟ ಎಷ್ಟಿರಬೇಕು, ಕಾಗದ ಎಷ್ಟು ಸಿಗಬೇಕು ಅಂತ ಸರ್ಕಾರ ಹೇಳಲು ಹೋದಾಗಲೂ 1961ರಲ್ಲಿ, 1972ರಲ್ಲಿ ಕೋರ್ಟ್ ಬೇಡ ಅಂದಿತು. ಅಂದರೆ ಪತ್ರಿಕೆಯ ಬಾಯಿ ಕಟ್ಟಿದರೆ ಕಟ್ಟಿಸಿಕೊಳ್ಳುವುದು ನೀವೂ ನಾನೂ ಇಟ್ಟುಕೊಂಡಿರುವ ಅದೇ ಹಕ್ಕು.

ಇದೆಲ್ಲ ದಿಲ್ಲಿ ಕಡೆ ಕಥೆ. ಕರ್ನಾಟಕದಲ್ಲಿ ಎಂಥದೂ ಇಲ್ಲ ಅಲ್ವಾ?

ಹಾಗಂತ ನಾವು ಅಂದುಕೊಂಡಿದ್ದೇವೆ. 1908ರಲ್ಲೇ ಮೈಸೂರು ಸಂಸ್ಥಾನದಲ್ಲಿ ದಿವಾನ್ ವಿ.ಪಿ. ಮಾಧವರಾವ್ ಕಾಲದಲ್ಲಿ ಪತ್ರಿಕಾ ನಿರ್ಬಂಧ ಕಾಯ್ದೆ ಬಂತು. 'ತಾತಯ್ಯ' ಎಂದೇ ಹೆಸರಾದ ಎಂ. ವೆಂಕಟಕೃಷ್ಣಯ್ಯನವರು ಅದನ್ನು ಪ್ರತಿಭಟಿಸಿ ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿದರು.

ಹತ್ತಿರದ್ದು ಬೇಕಾ? 2017ರ ಜೂನ್‌ನಲ್ಲಿ ವಿಧಾನಸಭೆ ಹಕ್ಕುಚ್ಯುತಿ ಹೆಸರಿನಲ್ಲಿ ಇಬ್ಬರು ಸಂಪಾದಕರಿಗೆ ಒಂದು ವರ್ಷ ಜೈಲು, 10 ಸಾವಿರ ದಂಡ ಅಂತ ತೀರ್ಮಾನಿಸಿತು. ದೂರು ಶಾಸಕರದ್ದು, ವಿಚಾರಣೆ ಶಾಸಕರದ್ದು, ತೀರ್ಪೂ ಶಾಸಕರದ್ದು. ದಿನಾ ಕಚ್ಚಾಡುವ ಪಕ್ಷಗಳು ಆ ದಿನ ಕಚ್ಚಾಡಲಿಲ್ಲ. ಅದೇ ವರ್ಷ ಸೆಪ್ಟೆಂಬರ್ 5ರ ರಾತ್ರಿ ಗೌರಿ ಲಂಕೇಶ್ ಅವರನ್ನು ರಾಜರಾಜೇಶ್ವರಿ ನಗರದ ಅವರ ಮನೆ ಬಾಗಿಲಲ್ಲೇ ಗುಂಡಿಟ್ಟು ಕೊಂದರು. ಆ ರಾತ್ರಿ ನಮ್ಮ ಡೆಸ್ಕಿನಲ್ಲಿ ಮುಖಪುಟ ಮೂರು ಸಲ ಬದಲಾಯಿತು. ಕೆಲಸ ಮಾಡುತ್ತಲೇ ಇದ್ದೆವು, ಯಾರೂ ಮಾತಾಡುತ್ತಿರಲಿಲ್ಲ.

ಈಗ ಜಾಸ್ತಿ ಚಾಲ್ತಿಯಲ್ಲಿರುವುದು ತಡೆಯಾಜ್ಞೆ. 2021ರ ಮಾರ್ಚ್‌ನಲ್ಲಿ ಒಬ್ಬ ಮಂತ್ರಿಯ ಸಿ.ಡಿ. ಗದ್ದಲ ಎದ್ದಾಗ, ಬೇರೆ ಆರು ಮಂದಿ ಮಂತ್ರಿಗಳು ತಮ್ಮ ಬಗ್ಗೆ ಏನೂ ಬರುವ ಮುಂಚೆಯೇ ಬೆಂಗಳೂರಿನ ಸಿವಿಲ್ ಕೋರ್ಟಿಗೆ ಹೋಗಿ 60ಕ್ಕೂ ಹೆಚ್ಚು ಮಾಧ್ಯಮಗಳ ಮೇಲೆ ತಡೆ ತಂದರು. 2025ರ ಜುಲೈನಲ್ಲಿ ಧರ್ಮಸ್ಥಳದ ವಿಷಯದಲ್ಲಿ ಇನ್ನೊಂದು ಆದೇಶ ಬಂತು, ತೆಗೆಯಬೇಕಾದ ಲಿಂಕ್‌ಗಳೇ 8 ಸಾವಿರಕ್ಕೂ ಹೆಚ್ಚು. ಒಂದು ಯೂಟ್ಯೂಬ್ ಚಾನೆಲ್ ಹೈಕೋರ್ಟಿಗೆ ಹೋಯಿತು, ಆಗಸ್ಟ್ 1ಕ್ಕೆ ಆ ಆದೇಶ ರದ್ದಾಗಿ, ಮತ್ತೆ ಕೇಳಿ ತೀರ್ಮಾನಿಸಿ ಅಂತ ವಾಪಸ್ ಹೋಯಿತು. ಯಾರು ಸರಿ ಯಾರು ತಪ್ಪು ಅನ್ನುವುದು ಬೇರೆ ಮಾತು. ಸಣ್ಣ ಪತ್ರಿಕೆಯವನಿಗೆ ಲಾಯರ್ ಇಡುವ ತಾಕತ್ತು ಇರುವುದಿಲ್ಲ, ಮಾನನಷ್ಟದ ನೋಟಿಸ್ ಬಂದ ಕೂಡಲೇ ಅವನು ಸುದ್ದಿ ಕೈಬಿಡುತ್ತಾನೆ. ಆ ಕೈಬಿಟ್ಟ ಸುದ್ದಿ ಯಾವ ಲೆಕ್ಕಕ್ಕೂ ಸಿಗುವುದಿಲ್ಲ.

ಸುದ್ದಿ ತಡೆಯೋದು ಸರ್ಕಾರ ಮಾತ್ರನಾ?

ನಿಜ ಹೇಳಬೇಕೆಂದರೆ ನನ್ನ ಕಣ್ಣೆದುರು ಸತ್ತ ಸುದ್ದಿಗಳಲ್ಲಿ ಸರ್ಕಾರ ಕೊಂದಿದ್ದು ಕಡಿಮೆ.

ಒಂದು ರಾತ್ರಿ ಒಂಬತ್ತೂ ಮುಕ್ಕಾಲು. ಜಿಲ್ಲಾ ಪುಟ ಮುಗಿಯುತ್ತಾ ಬಂದಿತ್ತು. ಒಂದು ಖಾಸಗಿ ಕಾಲೇಜಿನ ಹಾಸ್ಟೆಲ್‌ನಲ್ಲಿ ರಾತ್ರಿ ಊಟ ಮಾಡಿ ಸುಮಾರು ಮೂವತ್ತು ಮಕ್ಕಳಿಗೆ ವಾಂತಿ, ತಾಲ್ಲೂಕು ಆಸ್ಪತ್ರೆಗೆ ಸೇರಿಸಿದ್ದಾರೆ. ಸಿಂಗಲ್ ಕಾಲಂ, ಹದಿನೈದು ಸಾಲು. ಡಾಕ್ಟರ್ ಹೇಳಿಕೆ ಇತ್ತು, ಎಲ್ಲಾ ಸರಿಯಾಗಿತ್ತು. ಜಾಹೀರಾತು ವಿಭಾಗದಿಂದ ಫೋನ್ ಬಂತು. ಅಡ್ಮಿಷನ್ ಸೀಸನ್, ಆ ಕಾಲೇಜಿನದು ಭಾನುವಾರಕ್ಕೆ ಪೂರ್ತಿ ಪುಟ ಬುಕ್ ಆಗಿದೆ. ಯಾರೂ ಬೆದರಿಸಲಿಲ್ಲ, ಗದರಲಿಲ್ಲ. "ಸ್ವಲ್ಪ ನೋಡಿ ಸಾರ್" ಅಂದರು ಅಷ್ಟೇ. ಆ ಜಾಗಕ್ಕೆ ಶ್ವಾನ ಪ್ರದರ್ಶನದ ಸುದ್ದಿ ಹೋಯಿತು. ಹಾಕಿದ್ದು ನಾನೇ.

ಮರುದಿನ ಒಬ್ಬ ಓದುಗನೂ ಫೋನ್ ಮಾಡಲಿಲ್ಲ. ಹೇಗೆ ಮಾಡುತ್ತಾರೆ? ಬಾರದ ಸುದ್ದಿ ಬಂದಿಲ್ಲ ಅಂತ ಗೊತ್ತಾಗುವುದಾದರೂ ಹೇಗೆ? ಕೇಳಿದ್ದು ಆ ತಾಲ್ಲೂಕಿನ ವರದಿಗಾರ ಮಾತ್ರ. "ಸಾರ್, ನನ್ನ ಮೇಲ್ ಸಿಗ್ಲಿಲ್ವಾ?" "ಜಾಗ ಇರ್ಲಿಲ್ಲ ಮಾರಾಯ" ಅಂದೆ. ಆ ವರ್ಷ ನಮ್ಮ ಪತ್ರಿಕೆಯಲ್ಲಿ ಎಷ್ಟು ಸುಳ್ಳು ಅಚ್ಚಾಯಿತೋ ಗೊತ್ತಿಲ್ಲ, ನಾನು ಹೇಳಿದ ದೊಡ್ಡ ಸುಳ್ಳು ಇದು. ಮಕ್ಕಳ ಅಪ್ಪ ಅಮ್ಮ ಮಾತ್ರ ಅವತ್ತಿಂದ ನಮ್ಮ ಪೇಪರನ್ನು ನಂಬಿರಲಿಕ್ಕಿಲ್ಲ, ಅವರಿಗೆ ಗೊತ್ತಿತ್ತು.

ನೀವು ಕೊಡುವ ಐದಾರು ರೂಪಾಯಿಗೆ ಕಾಗದ, ಮಸಿಯ ಖರ್ಚೂ ಹುಟ್ಟುವುದಿಲ್ಲ. ಉಳಿದದ್ದನ್ನು ಜಾಹೀರಾತು ತುಂಬುತ್ತದೆ, ಅದರಲ್ಲಿ ಸರ್ಕಾರಿ ಜಾಹೀರಾತಿನ ಪಾಲೂ ಇದೆ. 1980ರಲ್ಲಿ ಶುರುವಾದ ಲಂಕೇಶ್ ಪತ್ರಿಕೆ ಜಾಹೀರಾತು ತೆಗೆದುಕೊಳ್ಳದೆ ಓದುಗರ ಕಾಸಿನ ಮೇಲೇ ನಡೆಯಿತು. ಆ ಪತ್ರಿಕೆ ಬರೆದದ್ದೆಲ್ಲ ಸರಿ ಅಂತ ಹೇಳುತ್ತಿಲ್ಲ, ಆದರೆ "ಸ್ವಲ್ಪ ನೋಡಿ ಸಾರ್" ಅನ್ನುವ ಫೋನ್ ಅಲ್ಲಿಗೆ ಬರುವ ದಾರಿಯೇ ಇರಲಿಲ್ಲ.

ಕವರ್ ಕೊಡ್ತಾರಂತೆ? ಪೇಯ್ಡ್ ನ್ಯೂಸ್ ನಿಜಾನಾ?

ವರದಿಗಾರನ ಕೈಗೆ ದುಡ್ಡಿನ ಕವರ್, ದುಡ್ಡು ಪಡೆದು ಸುದ್ದಿಯ ಹಾಗೇ ಹಾಕುವ ಪ್ರಚಾರ, ಎರಡೂ ನಿಜ. 2009ರ ಚುನಾವಣೆಯ ಪೇಯ್ಡ್ ನ್ಯೂಸ್ ಬಗ್ಗೆ ಪ್ರೆಸ್ ಕೌನ್ಸಿಲ್ ಉಪಸಮಿತಿ ಹೆಸರು ಹೆಸರು ಹಿಡಿದು ವರದಿ ಕೊಟ್ಟಿತ್ತು. ಕೌನ್ಸಿಲ್ 2010ರಲ್ಲಿ ಹೊರಗೆ ಬಿಟ್ಟಿದ್ದು ಅದರ ಸಣ್ಣ ರೂಪ, ಪೂರ್ತಿ ವರದಿ ಬಂದಿದ್ದು ಮಾಹಿತಿ ಹಕ್ಕಿನ ಹೋರಾಟದ ನಂತರ 2011ರಲ್ಲಿ. ಕವರ್ ತೆಗೆದುಕೊಳ್ಳುವವನನ್ನು ಬೈಯುವ ಮುಂಚೆ ಒಂದು ಮಾತು. ತಾಲ್ಲೂಕು ಮಟ್ಟದ ಎಷ್ಟೋ ವರದಿಗಾರರಿಗೆ ಸಂಬಳ ಅಂತ ಇರುವುದಿಲ್ಲ, ಸುದ್ದಿಗೆ ಇಷ್ಟು ಅಂತ ಕೊಡುತ್ತಾರೆ, ಮೇಲೆ ಜಾಹೀರಾತು ಟಾರ್ಗೆಟ್ ಬೇರೆ. ಬೆಳಿಗ್ಗೆ ಗ್ರಾಮ ಪಂಚಾಯಿತಿ ಅಧ್ಯಕ್ಷರ ಹತ್ತಿರ ಹುಟ್ಟುಹಬ್ಬದ ಜಾಹೀರಾತು ಕೇಳಿದವನು ಸಂಜೆ ಅವರದೇ ಚರಂಡಿ ಕಾಮಗಾರಿ ಬಗ್ಗೆ ಬರೆಯಬೇಕು. ನೀವಾಗಿದ್ದರೆ ಬರೆಯುತ್ತಿದ್ದಿರಾ?

ಹಾಗಾದ್ರೆ ಯೂಟ್ಯೂಬ್ ನೋಡಿದ್ರೆ ಸಾಕಾ?

ಕೆಲವು ಸಣ್ಣ ಚಾನೆಲ್‌ಗಳು ದೊಡ್ಡವರು ಮುಟ್ಟದ ವಿಷಯ ಮುಟ್ಟಿವೆ, ಒಪ್ಪುತ್ತೇನೆ. ಆದರೆ ಅಲ್ಲೂ ಟಿಆರ್‌ಪಿ ಬದಲು ವ್ಯೂಸ್. ಡೆಸ್ಕ್ ಅನ್ನುವುದೇ ಇಲ್ಲ, ಬರೆದವನೇ ಓದುವವನು, ತಪ್ಪು ಹಿಡಿಯಲು ಇನ್ನೊಂದು ಜೊತೆ ಕಣ್ಣಿಲ್ಲ. ಥಂಬ್‌ನೇಲ್‌ನಲ್ಲಿ ಕಣ್ಣೀರು, ಬೆಂಕಿ, ಕೆಂಪು ಬಾಣ ಮೂರೂ ಇದ್ದರೆ ನಾನಂತೂ ಮುಂದೆ ಹೋಗುತ್ತೇನೆ.

ಸುಳ್ಳು ಸುದ್ದಿಗೆ ಗಟ್ಟಿ ಕಾನೂನು ತಂದ್ರೆ ಆಗಲ್ವಾ?

ಯಾವುದು ಸುಳ್ಳು ಅಂತ ಹೇಳುವವರು ಯಾರು? ಪ್ರಶ್ನೆ ಇರುವುದೇ ಅಲ್ಲಿ. ಕೇಂದ್ರ ಸರ್ಕಾರ 2023ರಲ್ಲಿ ತನ್ನ ಬಗ್ಗೆ ಬರುವ ಸುದ್ದಿಯನ್ನು ತಾನೇ ಫ್ಯಾಕ್ಟ್ ಚೆಕ್ ಮಾಡುವ ಘಟಕಕ್ಕೆ ನಿಯಮ ತಂದಿತು. 2024ರ ಸೆಪ್ಟೆಂಬರ್‌ನಲ್ಲಿ ಬಾಂಬೆ ಹೈಕೋರ್ಟ್ ಅದನ್ನು ರದ್ದು ಮಾಡಿತು. 2025ರಲ್ಲಿ ಕರ್ನಾಟಕ ಸರ್ಕಾರದ ಒಂದು ಕರಡು ಹೊರಬಿತ್ತು, ಸುಳ್ಳು ಸುದ್ದಿಗೆ ಏಳು ವರ್ಷದವರೆಗೆ ಜೈಲು ಅಂತ. ದಿಲ್ಲಿಯಲ್ಲಿ ಒಂದು ಪಕ್ಷ, ಬೆಂಗಳೂರಿನಲ್ಲಿ ಇನ್ನೊಂದು ಪಕ್ಷ. ಆಸೆ ಮಾತ್ರ ಒಂದೇ. ಪರೀಕ್ಷೆ ಬರೆದವನ ಕೈಗೇ ಕೆಂಪು ಪೆನ್ನು ಕೊಡಲು ನಾನಂತೂ ಒಪ್ಪುವುದಿಲ್ಲ.

ತಪ್ಪು ಸುದ್ದಿ ಬಂದ್ರೆ ಎಲ್ಲಿ ದೂರು ಕೊಡೋದು?

ಪೇಪರ್ ಆದರೆ ಮೊದಲು ಸಂಪಾದಕರಿಗೆ ಬರೆಯಿರಿ, ಆ ಪುಟದ ಕಟಿಂಗ್ ಇಟ್ಟುಕೊಳ್ಳಿ. ಸರಿ ಉತ್ತರ ಬರದಿದ್ದರೆ ಪ್ರೆಸ್ ಕೌನ್ಸಿಲ್‌ಗೆ. ದಿನಪತ್ರಿಕೆ, ವಾರಪತ್ರಿಕೆಯಾದರೆ ಎರಡು ತಿಂಗಳೊಳಗೆ ಕೊಡಬೇಕು. ಕೌನ್ಸಿಲ್ ಛೀಮಾರಿ ಹಾಕಬಹುದು, ದಂಡ ಹಾಕುವಂತಿಲ್ಲ. ಟಿವಿ ಆದರೆ ಪ್ರಸಾರವಾದ ಏಳು ದಿನದೊಳಗೆ ವಾಹಿನಿಗೇ ದೂರು, ಆಮೇಲೆ ಎನ್‌ಬಿಡಿಎಸ್‌ಎ ಎಂಬ ಅವರದೇ ಸಂಘದ ಪ್ರಾಧಿಕಾರಕ್ಕೆ. ಎಲ್ಲ ವಾಹಿನಿಗಳೂ ಆ ಸಂಘದಲ್ಲಿಲ್ಲ ಅನ್ನುವುದು ಒಂದು ತೊಡಕು.

ಏನೂ ಆಗುವುದಿಲ್ಲ ಅಂತ ಕೂರಬೇಡಿ. 2020ರಲ್ಲಿ ಕೊರೊನಾ ಶುರುವಿನಲ್ಲಿ ತಬ್ಲೀಗಿ ಜಮಾತ್ ಹೆಸರಿನಲ್ಲಿ ಒಂದು ಸಮುದಾಯವನ್ನೇ ಗುರಿ ಮಾಡಿದ ಕಾರ್ಯಕ್ರಮಗಳ ಮೇಲೆ ಬೆಂಗಳೂರಿನ ಕೆಲವರು ದೂರು ಕೊಟ್ಟಿದ್ದರು. 2021ರ ಜೂನ್‌ನಲ್ಲಿ ಎರಡು ಕನ್ನಡ ಸುದ್ದಿ ವಾಹಿನಿಗಳಿಗೆ ದಂಡ ಬಿತ್ತು, ಒಂದಕ್ಕೆ 1 ಲಕ್ಷ, ಇನ್ನೊಂದಕ್ಕೆ 50 ಸಾವಿರ. ವಾಹಿನಿಗೆ ಅದು ಒಂದೆರಡು ಜಾಹೀರಾತಿನ ಕಾಸು, ನಿಜ. ಆದರೆ ತಪ್ಪಾಗಿದೆ ಅಂತ ಬರಹದಲ್ಲಿ ದಾಖಲಾಯಿತು.

ಒಂದು ಸುದ್ದಿ ಗಟ್ಟಿನಾ ಜೊಳ್ಳಾ ಅಂತ ಹೇಗೆ ನೋಡೋದು?

ಕನ್ನಡ ಓದುಗರಿಗೆ ಒಂದು ಸುಲಭ ದಾರಿ ಇದೆ. ವಾಕ್ಯದ ಬಾಲ ನೋಡಿ. 'ಎನ್ನಲಾಗಿದೆ', 'ಹೇಳಲಾಗುತ್ತಿದೆ', 'ಎಂದು ತಿಳಿದುಬಂದಿದೆ', 'ಮೂಲಗಳು ತಿಳಿಸಿವೆ'. ಅಂದವರು ಯಾರು, ಹೇಳಿದವರು ಯಾರು? ಡೆಸ್ಕಿನಲ್ಲಿ ನಾವೇ ಇದನ್ನು ಎಷ್ಟು ಸಲ ಅಂಟಿಸಿದ್ದೇವೋ. ವರದಿಗಾರನಿಗೆ ಖಚಿತ ಇಲ್ಲ, ಪುಟ ಬಿಡುವ ಹೊತ್ತಾಗಿದೆ, ಕೊನೆಗೊಂದು 'ಎನ್ನಲಾಗಿದೆ' ಹಾಕು, ಮುಗೀತು. ಕೆಲವೊಮ್ಮೆ ಅದು ಪ್ರಾಮಾಣಿಕ ಎಚ್ಚರಿಕೆ, ಆರೋಪಿಯನ್ನು ಅಪರಾಧಿ ಅನ್ನಬಾರದು ಅಂತ. ಹತ್ತು ಸಾಲಿನಲ್ಲಿ ಐದು ಸಲ ಬಂದರೆ ಮಾತ್ರ ಒಳಗೆ ಸರಕಿಲ್ಲ ಅಂತಲೇ ಅರ್ಥ. ಟಿವಿಯಲ್ಲಿ ಅದರ ತಮ್ಮ ಇದ್ದಾನೆ, ಪ್ರಶ್ನಾರ್ಥಕ ಚಿಹ್ನೆ. 'ಮಂತ್ರಿ ರಾಜೀನಾಮೆ?' ಅಂತ ಹಾಕಿದರೆ ನಾವು ಕೇಳಿದ್ದಷ್ಟೇ ಅಂತ ಜಾರಿಕೊಳ್ಳಬಹುದು ಅನ್ನುವ ಲೆಕ್ಕ.

ಇನ್ನು ಪುಟದ ಮೂಲೆಯಲ್ಲಿ ಇರುವೆ ಗಾತ್ರದಲ್ಲಿ 'ಜಾಹೀರಾತು' ಅಂತ ಇದೆಯಾ ನೋಡಿ. ಆರೋಪ ಹೊತ್ತವರ ಮಾತೂ ಸುದ್ದಿಯಲ್ಲಿದೆಯಾ ನೋಡಿ. ನಿಮ್ಮ ಊರಿನಲ್ಲಿ ನಿಮ್ಮ ಕಣ್ಣೆದುರೇ ನಡೆದ ಒಂದು ವಿಷಯ ಹಿಡಿದು, ಅದನ್ನು ಯಾವ ಪೇಪರ್ ಹಾಕಿತು, ಯಾವುದು ಬಿಟ್ಟಿತು ಅಂತ ಒಂದು ವಾರ ಗಮನಿಸಿ. ನನ್ನ ಮಟ್ಟಿಗೆ ಯಾವ ಸಮೀಕ್ಷೆಗಿಂತ ಅದು ಚೆನ್ನಾಗಿ ಹೇಳುತ್ತದೆ.

ಸರಿ, ನೀವು ಯಾವ ಪೇಪರ್ ತರಿಸ್ತೀರಿ?

ಎರಡು ತರಿಸುತ್ತೇನೆ, ಒಂದಕ್ಕೊಂದು ಆಗದವು. ಹೆಸರು ಹೇಳುವುದಿಲ್ಲ, ಹೇಳಿದರೆ ನೀವು ನನ್ನ ಪಕ್ಷ ಯಾವುದು ಅಂತ ಶುರು ಮಾಡುತ್ತೀರಿ. ಮೊದಲು ಜಿಲ್ಲಾ ಪುಟವನ್ನು ಅಕ್ಕಪಕ್ಕ ಇಟ್ಟು, ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದ ಸುದ್ದಿಗೆ ಪೆನ್ಸಿಲ್‌ನಲ್ಲಿ ಗುರುತು ಹಾಕುತ್ತೇನೆ. ಹೆಂಡತಿಗೆ ಇದು ಹುಚ್ಚಿನ ಹಾಗೆ ಕಾಣುತ್ತದೆ. ಮೊನ್ನೆ ಒಂದು ಹಾಸ್ಟೆಲ್ ಸುದ್ದಿ ಒಂದರಲ್ಲಿ ಮೂರು ಕಾಲಂ ಬಂದಿತ್ತು. ಇನ್ನೊಂದರಲ್ಲಿ ಇರಲಿಲ್ಲ. ಇಲ್ಲದ ಪೇಪರಿನ ಹಿಂದಿನ ಪುಟ ತಿರುಗಿಸಿ ನೋಡಿದೆ, ಅದೇ ಕಾಲೇಜಿನ ಜಾಹೀರಾತು, ನಾಲ್ಕು ಬಣ್ಣದಲ್ಲಿ.